ನಿಂಬೆಹಣ್ಣು, ಜೋನಿ ಬೆಲ್ಲ, 60 ಮಿ.ಲೀ. ವಿಸ್ಕಿ

ಶಿವಮೊಗ್ಗದ ಹತ್ತಿರದ ಆಯನೂರಿನ ವೈನ್ ಶಾಪಿನ ಮುಂದೆ ನಿಂತು ‘ಸ್ವೀಟ್ ವರ್ಮೂತ್ ಇದೆಯಾ?’ ಎಂದು ಕೇಳಿದರೆ ಅಂಗಡಿಯವರು ಪಕ್ಕದ ಮೆಡಿಕಲ್ ಸ್ಟೋರ್ ಕಡೆ ಕೈ ತೋರಿಸಿಯಾರು. ಆಂಗಸ್ಟುರಾ ಬಿಟರ್ಸ್ ಕೇಳಿದರೂ ಅದೇ ಗತಿ. ವಿಸ್ಕಿಯಿಂದ ಮಾಡುವ ಹಳೆಯ, ಹೆಸರಾಂತ ಕಾಕ್‌ಟೇಲ್‌ಗಳಲ್ಲಿ ಮ್ಯಾನ್‌ಹಟನ್ ಇಲ್ಲಿಗೇ ಮುಗಿಯಿತು, ಏಕೆಂದರೆ ವರ್ಮೂತ್ ಎಂಬ ಮಸಾಲೆ ವೈನ್ ಇಲ್ಲದೆ ಅದು ಇಲ್ಲ. ಓಲ್ಡ್ ಫ್ಯಾಷನ್ಡ್‌ಗೆ ಬಿಟರ್ಸ್ ಎಂಬ ಕಹಿದ್ರವ ಬೇಕು, ಹಾಗಾಗಿ ಅದೂ ಅರ್ಧ ಹೋಯಿತು. ಉಳಿಯುವುದು ವಿಸ್ಕಿ ಸವರ್. ಇದಕ್ಕೆ ಬೇಕಾದ್ದರಲ್ಲಿ ವಿಸ್ಕಿ ಒಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಶಿವಮೊಗ್ಗ–ಸಾಗರ ರಸ್ತೆಯ ಆಚೀಚೆಯ ಮನೆಗಳ ಹಿತ್ತಲಲ್ಲೋ ಅಡುಗೆಮನೆಯ ನಾಗಂದಿಗೆಯಲ್ಲೋ ಇದ್ದೇ ಇರುತ್ತದೆ. ಬೆಂಗಳೂರಿನ ಬಾರ್‌ಗಳಲ್ಲಿ ನೂರಾರು ರೂಪಾಯಿ ತೆಗೆದುಕೊಂಡು ಕೊಡುವ ಈ ಪಾನೀಯವನ್ನು ಮಲೆನಾಡಿನ ಅಂಚಿನಲ್ಲಿ ಕುಳಿತವರು ಅವರಿಗಿಂತ ಚೆನ್ನಾಗಿಯೇ ಮಾಡಬಹುದು ಎಂಬುದು ನನ್ನ ವಾದ.

ಮುಂದೆ ಹೋಗುವ ಮೊದಲು ಒಂದು ಮಾತು. ಕುಡಿಯದವರನ್ನು ಕುಡಿಸುವುದಕ್ಕೆ ಇದನ್ನು ಬರೆಯುತ್ತಿಲ್ಲ. 2019ರ ಜನವರಿಯಲ್ಲಿ ಹಳ್ಳಿಗಳ ಹೆಂಗಸರು ಮದ್ಯ ನಿಷೇಧ ಕೇಳುತ್ತ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದುಕೊಂಡೇ ಹೋದರು. ಅವರು ಹೇಳಿಕೊಂಡ ಕಷ್ಟಗಳು ನಮ್ಮ ಊರುಗಳಿಗೂ ಹೊಸವೇನಲ್ಲ. ಕುಡಿತ ಬಿಟ್ಟವರು, ಬಿಡಬೇಕೆಂದು ಒದ್ದಾಡುತ್ತಿರುವವರು, ಲಿವರ್ ತೊಂದರೆ ಇರುವವರು, ಬಸುರಿಯರು ಪುಟ ಮಗುಚಬಹುದು. 21 ತುಂಬದವರಿಗೆ ಕರ್ನಾಟಕದಲ್ಲಿ ಮದ್ಯ ಮಾರುವಂತಿಲ್ಲ, ಅವರಿಗೆ ಈ ಬರಹವೂ ಅಲ್ಲ. ಹೇಗೂ ತಿಂಗಳಿಗೊಂದೆರಡು ಸಲ ಗೆಳೆಯರ ಜೊತೆ ಕುಳಿತು ಒಂದು ಗ್ಲಾಸ್ ಕುಡಿಯುವವರು ಅದನ್ನಾದರೂ ಅಳತೆಯಿಂದ, ರುಚಿಯಿಂದ ಕುಡಿಯಲಿ ಎಂಬಷ್ಟೇ ಉದ್ದೇಶ.

ಏಕೆಂದರೆ ನಮ್ಮಲ್ಲಿ ವಿಸ್ಕಿ ಕುಡಿಯುವುದರಲ್ಲೊಂದು ಅವಸರವಿದೆ. ಕೌಂಟರಿನಲ್ಲಿ ಒಂದು ನೈಂಟಿ ತೆಗೆದುಕೊಂಡು, ಟೆಟ್ರಾ ಪ್ಯಾಕಿನ ಮೂಲೆ ಕಚ್ಚಿ, ಪ್ಲಾಸ್ಟಿಕ್ ಲೋಟಕ್ಕೆ ಸುರಿದು, ಅಷ್ಟೇ ನೀರು ಬೆರೆಸಿ ಒಂದೇ ಗುಟುಕಿಗೆ ಎತ್ತಿ, ನಾಲಿಗೆಗೆ ಉಪ್ಪಿನಕಾಯಿ ಸವರಿಕೊಂಡು ಹೊರಟರೆ ಆಯಿತು. ರುಚಿ ನೋಡುವ ಪ್ರಶ್ನೆಯೇ ಇಲ್ಲ, ರುಚಿ ಗೊತ್ತಾಗಬಾರದೆಂದೇ ಉಪ್ಪಿನಕಾಯಿ. ಇದು ಪ್ಯಾಕೆಟ್ ಸಾರಾಯಿಯ ಕಾಲದಿಂದ ಬಂದ ಅಭ್ಯಾಸ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಆಗ ಹಣಕಾಸು ಖಾತೆ ಇದ್ದದ್ದು ನಮ್ಮ ಪಕ್ಕದ ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪನವರ ಕೈಯಲ್ಲಿ. ಸಾರಾಯಿ ಹೋದರೂ ಕುಡಿಯುವ ರೀತಿ ಹೋಗಲಿಲ್ಲ, ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿಯ ಟೆಟ್ರಾ ಪ್ಯಾಕ್ ಬಂತು. ಮನೆಯಲ್ಲಿ ಕುಳಿತು ಕುಡಿಯುವವರು ಸ್ವಲ್ಪ ನಾಜೂಕು. ಅವರು ‘ಮಿಕ್ಸಿಂಗ್‌ಗೆ ಏನು ತರಲಿ?’ ಎಂದು ಕೇಳಿ ಕೋಲಾ ತರುತ್ತಾರೆ. 200 ಮಿ.ಲೀ. ಕೋಲಾದಲ್ಲಿ 20 ಗ್ರಾಂಗಿಂತ ಹೆಚ್ಚು ಸಕ್ಕರೆ ಇರುತ್ತದೆ. ಅಷ್ಟು ಸಕ್ಕರೆಯಲ್ಲಿ ಮುಳುಗಿದ ವಿಸ್ಕಿ ಎಷ್ಟು ಹೋಯಿತು ಎಂಬುದು ಕುಡಿದವನಿಗೇ ತಿಳಿಯುವುದಿಲ್ಲ. ಅಪಾಯ ಅಲ್ಲಿಯೇ.

ಸವರ್ ಎಂದರೇನು ಎಂದು ಕೇಳಿದರೆ, ರಾಮನವಮಿಯ ಪಾನಕಕ್ಕೆ ವಿಸ್ಕಿ ಬಿದ್ದರೆ ಅದೇ ಸವರ್ ಎಂದು ಹೇಳಿಬಿಡಬಹುದು. ಭಕ್ತರು ಕ್ಷಮಿಸಬೇಕು, ಆದರೆ ಲೆಕ್ಕ ಅದೇ. ಹುಳಿ, ಸಿಹಿ, ನೀರು, ಒಂದಿಷ್ಟು ಮಸಾಲೆ. ಹುಳಿ ಮುಂದಾದರೆ ಹಲ್ಲು ಚುಳ್ಳೆನ್ನುತ್ತದೆ, ಸಿಹಿ ಮುಂದಾದರೆ ಎರಡನೆಯ ಲೋಟ ಬೇಡವಾಗುತ್ತದೆ. ಈ ಹದ ಕನ್ನಡದ ಅಡುಗೆಮನೆಗೆ ಶತಮಾನಗಳಿಂದ ಗೊತ್ತು. 16ನೇ ಶತಮಾನದ ಆರಂಭದ ಮಂಗರಸ ತನ್ನ ಸೂಪಶಾಸ್ತ್ರದಲ್ಲಿ ಪಾನಕಗಳಿಗೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾನೆ.

ಸವರ್‌ನ ಬೇರು ಹುಡುಕಿಕೊಂಡು ಹೋದರೂ ಕೊನೆಗೆ ನಮ್ಮ ಪಶ್ಚಿಮ ಕರಾವಳಿಗೇ ಬಂದು ನಿಲ್ಲುತ್ತೇವೆ. 17ನೇ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರರು ಇಲ್ಲಿನ ಸಾರಾಯಿಗೆ ನಿಂಬೆರಸ, ಸಕ್ಕರೆ, ನೀರು, ಮಸಾಲೆ ಬೆರೆಸಿ ಕುಡಿಯುತ್ತಿದ್ದರು. ಅದೇ ಪಂಚ್. 1632ರಲ್ಲಿ ಕಂಪನಿಯವನೊಬ್ಬ ಬರೆದ ಪತ್ರದಲ್ಲಿ ಅದರ ಹೆಸರು ಬರುತ್ತದೆ. 1638ರಲ್ಲಿ ಸೂರತ್‌ಗೆ ಬಂದಿದ್ದ ಜರ್ಮನ್ ಪ್ರವಾಸಿ ಮ್ಯಾಂಡೆಲ್ಸ್ಲೋ ಇಂಗ್ಲಿಷರು ಗುಲಾಬಿ ನೀರು, ನಿಂಬೆರಸ, ಸಕ್ಕರೆ ಹಾಕಿದ ಮದ್ಯ ಕುಡಿಯುವುದನ್ನು ದಾಖಲಿಸಿದ್ದಾನೆ. ಹಡಗಿನಲ್ಲಿ ಇಂಗ್ಲೆಂಡಿಗೆ, ಅಲ್ಲಿಂದ ಅಮೆರಿಕಕ್ಕೆ ಹೋದ ಪಂಚ್ ಮೊದಲು ದೊಡ್ಡ ಬೋಗುಣಿಯಲ್ಲಿ ಹತ್ತಾರು ಜನರಿಗೆ ಒಟ್ಟಿಗೆ ಮಾಡುವಂಥದ್ದು. ಅದನ್ನೇ ಒಬ್ಬರ ಗ್ಲಾಸಿಗೆ ಇಳಿಸಿದಾಗ ಸವರ್ ಆಯಿತು. 1862ರಲ್ಲಿ ನ್ಯೂಯಾರ್ಕಿನ ಜೆರ್ರಿ ಥಾಮಸ್ ಬರೆದ ಬಾರ್‌ಟೆಂಡರ್ ಕೈಪಿಡಿಯಲ್ಲಿ ಸವರ್‌ಗಳು ಸೇರಿಕೊಂಡಿವೆ. ನಿಂಬೆಹಣ್ಣಿನ ಜೊತೆ ಕಡಲು ದಾಟಿದ್ದು ಈಗ ಇಂಗ್ಲಿಷ್ ಹೆಸರು ಹೊತ್ತು ವಾಪಸು ಬಂದಿದೆ ಎನ್ನಿ.

ಈಗ ಅಳತೆ. ಆರು, ಎರಡು, ಎರಡು ಎಂದು ನೆನಪಿಟ್ಟುಕೊಂಡರೆ ಸಾಕು. 60 ಮಿ.ಲೀ. ವಿಸ್ಕಿ, 20 ಮಿ.ಲೀ. ನಿಂಬೆರಸ, 20 ಮಿ.ಲೀ. ಸಕ್ಕರೆ ಪಾಕ. ಪೆಗ್ ಅಳೆಯುವ ಕಪ್ ಇಲ್ಲದಿದ್ದರೆ ಮಕ್ಕಳ ಕೆಮ್ಮಿನ ಔಷಧಿಯ ಬಾಟಲಿ ಮೇಲೆ ಬರುವ ಪ್ಲಾಸ್ಟಿಕ್ ಮುಚ್ಚಳ ತೊಳೆದಿಟ್ಟುಕೊಳ್ಳಿ. ಅದರಲ್ಲಿ 5, 10 ಮಿ.ಲೀ. ಗೆರೆಗಳು ಇರುತ್ತವೆ, ಬಾರ್‌ನ ಸಾಮಾನಿಗಿಂತ ನಿಖರ. ‘ಕಣ್ಣಂದಾಜು ಸಾಕು’ ಎನ್ನುವವರನ್ನು ನಂಬಬೇಡಿ. ಕಣ್ಣಂದಾಜಿನಲ್ಲಿ ಹಾಕಿದ ವಿಸ್ಕಿ ಎಂದೂ ಕಮ್ಮಿಯಾದದ್ದಿಲ್ಲ.

ಅಂಗಡಿಯಲ್ಲಿ ಸಿಗುವ ನಮ್ಮ ಸಣ್ಣ ನಿಂಬೆಹಣ್ಣು ಅಮೆರಿಕದ ಪುಸ್ತಕಗಳು ಹೇಳುವ ಹಳದಿ ಲೆಮನ್ ಅಲ್ಲ. ಎರಡರ ಹುಳಿಯ ಪ್ರಮಾಣ ಹೆಚ್ಚುಕಮ್ಮಿ ಒಂದೇ, ಆದರೆ ನಮ್ಮದಕ್ಕೆ ಒಂದು ಚೂರು ಕಹಿ, ಒಂದು ಚೂರು ಖಾರದ ಏರು ಇದೆ. ಹಾಗಾಗಿ ಅವರು 22, 25 ಎಂದು ಬರೆದ ಕಡೆ ನಮಗೆ 20 ಸಾಕು. ಒಂದು ಒಳ್ಳೆಯ ಹಣ್ಣಿಗೆ 15ರಿಂದ 20 ಮಿ.ಲೀ. ರಸ ಬರುತ್ತದೆ. ಹಿಂಡುವಾಗ ಸಿಪ್ಪೆ ಬಿಳಿಚುವ ತನಕ ತಿರುಚಿ ಹಿಂಡಬೇಡಿ, ಬೀಜ ಜಜ್ಜಬೇಡಿ, ಕಹಿ ಇಳಿಯುತ್ತದೆ. ಬೆಳಿಗ್ಗೆ ಹಿಂಡಿಟ್ಟ ರಸ ರಾತ್ರಿಗೆ ಕೆಡುತ್ತದೆ ಎಂದಲ್ಲ, ಅದರ ಘಮ ಹೋಗಿ ಬರೀ ಹುಳಿ ಉಳಿಯುತ್ತದೆ. ಬಾಟಲಿಯಲ್ಲಿ ಮಾರುವ ನಿಂಬೆರಸವನ್ನಂತೂ ಪಾತ್ರೆ ತೊಳೆಯಲು ಬಳಸಿ.

ಸಕ್ಕರೆಯನ್ನು ನೇರವಾಗಿ ಹಾಕಬಾರದೇ ಎಂದು ಕೇಳಬಹುದು. ಹಾಕಬಹುದು, ಆದರೆ ತಣ್ಣಗಿನ ಮದ್ಯದಲ್ಲಿ ಅದು ಕರಗುವುದಿಲ್ಲ. ಮೊದಲ ಗುಟುಕು ಹುಳಿ, ಕೊನೆಯ ಗುಟುಕಿಗೆ ತಳದಲ್ಲಿ ಸಕ್ಕರೆ ಹರಳು. ಅದಕ್ಕೇ ಪಾಕ. ಸಮತೂಕದ ಸಕ್ಕರೆ ಮತ್ತು ನೀರನ್ನು ಬಿಸಿ ಮಾಡಿ, ಕರಗಿದ ಕೂಡಲೇ ಇಳಿಸಿ. ಎಳೆಪಾಕ ಬರುವ ತನಕ ಕಾಯಿಸುವುದು ಚಿರೋಟಿಗೆ, ಇದಕ್ಕಲ್ಲ. ಆರಿದ ಮೇಲೆ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟರೆ ಎರಡು ವಾರ ಇರುತ್ತದೆ.

ಶೇಕರ್ ಬದಲು ಅಗಲ ಬಾಯಿಯ ಹಾರ್ಲಿಕ್ಸ್ ಬಾಟಲಿ ಅಥವಾ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿ ಆಗುತ್ತದೆ. ಮೂರನ್ನೂ ಹಾಕಿ, ಮುಕ್ಕಾಲು ಭಾಗ ಐಸ್ ತುಂಬಿಸಿ, ಮುಚ್ಚಳ ಬಿಗಿ ಮಾಡಿ, ಟವೆಲ್ ಸುತ್ತಿ, ಹನ್ನೆರಡು–ಹದಿನೈದು ಸೆಕೆಂಡು ಜೋರಾಗಿ ಕುಲುಕಿ. ಡಬ್ಬಿಯ ಹೊರಮೈ ಮಂಜು ಹಿಡಿದು ಕೈಗೆ ಚುರುಗುಟ್ಟಿದರೆ ಆಯಿತು ಎಂದರ್ಥ. ಟೀ ಸೋಸುವ ಜಾಲರಿಯಲ್ಲಿ ಗ್ಲಾಸಿಗೆ ಸೋಸಿಕೊಳ್ಳಿ. ಕುಲುಕಿದ ಐಸ್ ಕೆಲಸ ಮುಗಿಸಿದ್ದಾಗಿದೆ, ಅದನ್ನು ಗ್ಲಾಸಿಗೆ ಹಾಕಬೇಡಿ. ಬೇಕಿದ್ದರೆ ಹೊಸದೊಂದು ದೊಡ್ಡ ತುಂಡು ಹಾಕಿ.

ಕುಲುಕುವುದು ಶೋಕಿ ಎಂದುಕೊಂಡವರು ಒಂದು ಸಲ ಚಮಚದಲ್ಲಿ ಕಲಕಿ ಕುಡಿದು ನೋಡಲಿ, ವ್ಯತ್ಯಾಸ ನಾಲಿಗೆಯೇ ಹೇಳುತ್ತದೆ. ಕುಲುಕಿದಾಗ ಮೂರು ಕೆಲಸ ಒಟ್ಟಿಗೆ ಆಗುತ್ತವೆ. ಐಸ್ ಕರಗಲು ಬೇಕಾದ ಶಾಖವನ್ನು ಪಾನೀಯದಿಂದಲೇ ಎಳೆದುಕೊಳ್ಳುತ್ತದೆ. ಮದ್ಯ ಇರುವುದರಿಂದ ಸೊನ್ನೆ ಡಿಗ್ರಿಗೂ ಕೆಳಗೆ ತಣ್ಣಗಾದರೂ ಅದು ಹೆಪ್ಪುಗಟ್ಟುವುದಿಲ್ಲ. ಕರಗಿದ ಐಸ್‌ನಿಂದ ಸುಮಾರು 30 ಮಿ.ಲೀ. ನೀರು ಸೇರಿ, ವಿಸ್ಕಿಯ ಗಂಟಲು ಸುಡುವ ಏರು ಇಳಿಯುತ್ತದೆ. ಗಾಳಿ ಸೇರಿ ಮೈ ಹಗುರಾಗುತ್ತದೆ. ಆ ನೀರು ಕೂಡ ಪಾಕವಿಧಾನದ ಒಂದು ಸಾಮಾನೇ. ಹಾಗಾಗಿ ಐಸ್‌ಗೆ ಫ್ರಿಜ್ಜಿನಲ್ಲಿದ್ದ ಮೀನಿನ ವಾಸನೆಯೋ ಮಸಾಲೆ ವಾಸನೆಯೋ ಹಿಡಿದಿದ್ದರೆ ಗ್ಲಾಸಿಗೂ ಅದೇ ಬರುತ್ತದೆ. ಟ್ರೇ ಮುಚ್ಚಿಡಿ. ಮಳೆಗಾಲದಲ್ಲಿ ಕರೆಂಟು ಹೋಗಿ ಕರಗಿ ಮತ್ತೆ ಗಟ್ಟಿಯಾದ ಐಸ್ ಇದ್ದರೆ ಚೆಲ್ಲಿ ಹೊಸದು ಇಡಿ.

ಬಾರ್‌ಗಳಲ್ಲಿ ಸವರ್ ಮೇಲೆ ಬಿಳಿ ನೊರೆ ನಿಂತಿರುತ್ತದೆ. ಅದು ಮೊಟ್ಟೆಯ ಬಿಳಿ. ಕುಲುಕಿದಾಗ ಅದರ ಪ್ರೋಟೀನ್ ಬಿಚ್ಚಿಕೊಂಡು ಗಾಳಿಗುಳ್ಳೆಗಳನ್ನು ಹಿಡಿಯುತ್ತದೆ, ನಿಂಬೆಯ ಹುಳಿ ಆ ನೊರೆಯನ್ನು ಗಟ್ಟಿ ಮಾಡುತ್ತದೆ. ಮಾಡುವುದಾದರೆ ಮೊದಲು ಐಸ್ ಇಲ್ಲದೆ ಒಮ್ಮೆ, ಆಮೇಲೆ ಐಸ್ ಹಾಕಿ ಇನ್ನೊಮ್ಮೆ ಕುಲುಕಬೇಕು. ಆದರೆ ಅದು ಹಸಿಮೊಟ್ಟೆ, ವಿಸ್ಕಿ ಬಿದ್ದ ಮಾತ್ರಕ್ಕೆ ಅದರ ರೋಗಾಣುಗಳು ತಕ್ಷಣ ಸಾಯುವುದಿಲ್ಲ. ಮೊಟ್ಟೆ ಒಳಗೆ ಬರದ ಮನೆಗಳೂ ನಮ್ಮಲ್ಲಿ ಬಹಳ. (ವಿಸ್ಕಿ ಒಳಗೆ ಬರಬಹುದು, ಮೊಟ್ಟೆ ಬರಬಾರದು ಎನ್ನುವ ಮನೆಗಳ ತರ್ಕ ಕೆಣಕುವುದು ಬೇಡ.) ಕಾಬೂಲ್ ಕಡಲೆ ಬೇಯಿಸಿದ ಗಟ್ಟಿ ನೀರು ಎರಡು ಚಮಚ ಹಾಕಿದರೂ ಅಂಥದ್ದೇ ನೊರೆ ಬರುತ್ತದೆ, ಉಪ್ಪು ಹಾಕದೆ ಬೇಯಿಸಿರಬೇಕು ಅಷ್ಟೆ. ಇಲ್ಲವೇ ಸೊರಬ, ಬನವಾಸಿ ಕಡೆಯ ಅನಾನಸ್ ಬಂದಾಗ ಅದರ ರಸ 20 ಮಿ.ಲೀ. ಸೇರಿಸಿ, ಪಾಕ ಅರ್ಧಕ್ಕಿಳಿಸಿ. ಅನಾನಸ್ ರಸ ಕುಲುಕಿದರೆ ತಾನಾಗಿಯೇ ನೊರೆ ಕಟ್ಟುತ್ತದೆ. ಇದಾವುದೂ ಇಲ್ಲದೆಯೂ ಸವರ್ ಸವರೇ.

ಇನ್ನು ಬದಲಾವಣೆಗಳಿಗೆ ಬರೋಣ. ಇಲ್ಲಿ ಒಂದೇ ನಿಯಮ. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ. ಸಿಹಿ ಬದಲಿಸಿದ ದಿನ ಹುಳಿಯನ್ನು ಮುಟ್ಟಬೇಡಿ.

ಸಿಹಿಯಿಂದಲೇ ಶುರು ಮಾಡುವುದಾದರೆ ಮಲೆನಾಡಿನವರಿಗೆ ಜೋನಿ ಬೆಲ್ಲಕ್ಕಿಂತ ದೊಡ್ಡ ವರ ಇಲ್ಲ. ಆಲೆಮನೆಯಲ್ಲಿ ಕಬ್ಬಿನ ಹಾಲು ಅಚ್ಚಿಗೆ ಹೋಗುವಷ್ಟು ಗಟ್ಟಿಯಾಗುವ ಮೊದಲೇ ಇಳಿಸಿದ, ಡಬ್ಬದಲ್ಲಿ ತುಂಬಿಸಿಟ್ಟು ದೋಸೆಗೆ ಹಚ್ಚಿಕೊಳ್ಳುವ ಅದೇ ಬೆಲ್ಲ. ಪಾಕ ಕಾಯಿಸುವ ಕೆಲಸವೂ ಉಳಿಯಿತು. ಎರಡು ಪಾಲು ಜೋನಿ ಬೆಲ್ಲಕ್ಕೆ ಒಂದು ಪಾಲು ಬಿಸಿನೀರು ಬೆರೆಸಿ, ಬಟ್ಟೆಯಲ್ಲಿ ಸೋಸಿದರೆ ಸಿದ್ಧ. ನಮ್ಮ ದೇಶದ ಬಹುತೇಕ ವಿಸ್ಕಿಯ ಮೂಲವೂ ಕಬ್ಬಿನ ಕಾಕಂಬಿಯೇ, ಆದ್ದರಿಂದ ಇವೆರಡೂ ಒಂದಕ್ಕೊಂದು ಪರಿಚಯದವರ ಹಾಗೆ ಕೂಡಿಕೊಳ್ಳುತ್ತವೆ. ಸಕ್ಕರೆಯದು ಬರೀ ಸಿಹಿ, ಬೆಲ್ಲದಲ್ಲಿ ಸುಟ್ಟ ಘಮವೂ ಖನಿಜದ ರುಚಿಯೂ ಇದೆ. ಕೆಲವು ಬೆಲ್ಲ ಉಪ್ಪಾಗಿರುತ್ತದೆ, ಮೊದಲು ನಾಲಿಗೆಗೆ ಹಚ್ಚಿ ನೋಡಿ. ಬಣ್ಣ ಮಾತ್ರ ಮಳೆಗಾಲದ ತುಂಗೆಯ ನೀರಿನಂತೆ ಕದಡಿರುತ್ತದೆ. ನೋಟಕ್ಕೆ ಮಹತ್ವ ಕೊಡುವವರು ಸ್ಟೀಲ್ ಲೋಟದಲ್ಲಿ ಕುಡಿಯಲಿ.

ಜೇನು ಇನ್ನೊಂದು ದಾರಿ. ಎರಡು ಪಾಲು ತುಡುವೆ ಜೇನಿಗೆ ಒಂದು ಪಾಲು ಬೆಚ್ಚಗಿನ ನೀರು, ಜೊತೆಗೆ ಹಸಿಶುಂಠಿ ತುರಿದು ಹಿಂಡಿದ ರಸ ಒಂದು ಚಮಚ. ಶುಂಠಿ, ಜೇನು, ನಿಂಬೆ ಎಂದ ಕೂಡಲೇ ನಮ್ಮ ಅಜ್ಜಿಯಂದಿರಿಗೆ ನೆಗಡಿ ನೆನಪಾಗುತ್ತದೆ. 2005ರಲ್ಲಿ ನ್ಯೂಯಾರ್ಕಿನ ಮಿಲ್ಕ್ ಅಂಡ್ ಹನಿ ಎಂಬ ಬಾರ್‌ನಲ್ಲಿ ಸ್ಯಾಮ್ ರಾಸ್ ಎಂಬಾತ ಇದೇ ಮೂರನ್ನು ಸ್ಕಾಚ್‌ಗೆ ಸೇರಿಸಿ, ಮೇಲೆ ಹೊಗೆವಾಸನೆಯ ಸ್ಕಾಚ್ ಒಂದು ಚಮಚ ತೇಲಿಬಿಟ್ಟು, ಪೆನಿಸಿಲಿನ್ ಎಂದು ಹೆಸರಿಟ್ಟ. ಈ ಶತಮಾನದಲ್ಲಿ ಹುಟ್ಟಿ ಜಗತ್ತೆಲ್ಲ ಹಬ್ಬಿದ ಕೆಲವೇ ಕಾಕ್‌ಟೇಲ್‌ಗಳಲ್ಲಿ ಅದೊಂದು. ಹೆಸರು ಔಷಧಿಯದ್ದೇ ಆದರೂ ನೆಗಡಿ ಜ್ವರಕ್ಕೆಂದು ವಿಸ್ಕಿ ಕುಡಿಯಬೇಡಿ. ಪ್ಯಾರಾಸಿಟಮಾಲ್ ನುಂಗಿದ ದಿನವಂತೂ ಬೇಡವೇ ಬೇಡ, ಲಿವರ್‌ಗೆ ಎರಡು ಕಡೆಯಿಂದ ಪೆಟ್ಟು. ಅಂಥ ದಿನ ವಿಸ್ಕಿ ಬಿಟ್ಟು ಉಳಿದ ಮೂರನ್ನು ಕುಡಿದರೆ ಅಜ್ಜಿಯಂದಿರೂ ಒಪ್ಪುತ್ತಾರೆ.

ಹುಳಿಯ ವಿಷಯಕ್ಕೆ ಬಂದರೆ ಮಲೆನಾಡಿನವರಷ್ಟು ಶ್ರೀಮಂತರು ಯಾರೂ ಇಲ್ಲ. ಹಿತ್ತಲಿನ ಗಜನಿಂಬೆ ನನ್ನ ಮೊದಲ ಆಯ್ಕೆ. ರಸಕ್ಕಿಂತ ಅದರ ಸಿಪ್ಪೆ ದೊಡ್ಡದು. ಹಸಿರು ಸಿಪ್ಪೆಯ ತೆಳುವಾದ ಒಂದು ಚೂರನ್ನು ಗ್ಲಾಸಿನ ಮೇಲೆ ಹಿಡಿದು ಚಿವುಟಿದರೆ ಎಣ್ಣೆ ಸಿಡಿದು ಕೋಣೆಯೇ ಘಮ್ಮೆನ್ನುತ್ತದೆ. ಹೇರಳೆಕಾಯಿಯ ರಸ ಅಷ್ಟು ಚೂಪಲ್ಲ, ಆದ್ದರಿಂದ 25–30 ಮಿ.ಲೀ. ಬೇಕಾಗುತ್ತದೆ. ಸಿಪ್ಪೆಯ ಒಳಗಿನ ಬಿಳಿಭಾಗ ಕಹಿ, ಅದು ರಸಕ್ಕೆ ಇಳಿಯದಂತೆ ನೋಡಿಕೊಳ್ಳಿ. ಒಣಗಿಸಿಟ್ಟ ಮುರುಗಲು ಸಿಪ್ಪೆಯನ್ನು ಒಂದು ಗಂಟೆ ಬಿಸಿನೀರಿನಲ್ಲಿ ನೆನೆಹಾಕಿ ಹಿಸುಕಿದ ರಸ 30 ಮಿ.ಲೀ. ಹಾಕಿದರೆ ಕಡುಗೆಂಪಾದ, ನೋಡಲು ಎಲ್ಲಕ್ಕಿಂತ ಚೆಂದದ ಸವರ್ ಸಿಗುತ್ತದೆ. ಅದರ ಹುಳಿ ನಿಧಾನ, ಹಾಗಾಗಿ ಪಾಕ 15ಕ್ಕಿಳಿಸಿ. ಬೆಟ್ಟದ ನೆಲ್ಲಿಕಾಯಿ ನನಗೆ ಹಿಡಿಸಲಿಲ್ಲ. ಅದು ಒಗರು, ಮರದ ಪೀಪಾಯಿಯಲ್ಲಿ ಕುಳಿತು ಬಂದ ವಿಸ್ಕಿಯೂ ಒಂದಿಷ್ಟು ಒಗರು, ಎರಡೂ ಸೇರಿ ಬಾಯಿ ಒಣಗಿಸುತ್ತವೆ. ಹುಣಸೆ ಸಾರಿಗಿರಲಿ.

ಅಪ್ಪೆಮಿಡಿಯ ಮಾತು ಬೇರೆ. ಮಸಾಲೆ ಹಾಕುವ ಮೊದಲು ಭರಣಿಯಲ್ಲಿ ಮಿಡಿ ಮುಳುಗಿರುವ ಆ ಉಪ್ಪುನೀರು ಇದೆಯಲ್ಲ, ಅದರ ಅರ್ಧ ಚಮಚವನ್ನು ಮಾಮೂಲಿ ನಿಂಬೆಯ ಸವರ್‌ಗೆ ಸೇರಿಸಿ. ಉಪ್ಪು ನಾಲಿಗೆಗೆ ಕಹಿಯನ್ನು ತಗ್ಗಿಸಿ ತೋರಿಸುತ್ತದೆ, ಅದಕ್ಕೇ ಒಳ್ಳೆಯ ಬಾರ್‌ಗಳಲ್ಲಿ ಎರಡು ಹನಿ ಉಪ್ಪುನೀರು ಹಾಕುವವರಿದ್ದಾರೆ. ನಮ್ಮದರಲ್ಲಿ ಉಪ್ಪಿನ ಜೊತೆ ಅಪ್ಪೆಯ ಸೊನೆಯ ಘಮವೂ ಬರುತ್ತದೆ. ಅರ್ಧ ಚಮಚ ದಾಟಿದರೆ ಮಾತ್ರ ಅದು ಅಪ್ಪೆಹುಳಿಯಾಗಿಬಿಡುತ್ತದೆ. ಮಸಾಲೆಗೆ ನಾಲ್ಕು ಕಾಳುಮೆಣಸು ಜಜ್ಜಿ ಕುಲುಕುವ ಮೊದಲೇ ಹಾಕಿ. ಏಲಕ್ಕಿ ಒಂದೇ ಒಂದು, ಇಲ್ಲದಿದ್ದರೆ ಪಾಯಸದ ನೆನಪು ಬರುತ್ತದೆ.

ಯಾವ ವಿಸ್ಕಿ ಎಂಬ ಪ್ರಶ್ನೆಯನ್ನು ಎಲ್ಲರೂ ಮೊದಲು ಕೇಳುತ್ತಾರೆ. ಅದು ಕೊನೆಗೆ ಕೇಳಬೇಕಾದದ್ದು. ಅಮೆರಿಕದವರ ಪುಸ್ತಕಗಳು ಬರ್ಬನ್ ಎನ್ನುತ್ತವೆ. ಅದರ ಧಾನ್ಯದಲ್ಲಿ ಕನಿಷ್ಠ ಶೇ 51 ಮೆಕ್ಕೆಜೋಳ ಇರಬೇಕು, ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಹಣ್ಣಾಗಬೇಕು ಎಂಬುದು ಅಲ್ಲಿನ ಕಾನೂನು. ವೆನಿಲಾದಂಥ ಸಿಹಿಘಮ ಬರುವುದು ಆ ಪೀಪಾಯಿಯಿಂದ. ಆಯನೂರು, ಶಿಕಾರಿಪುರದ ಸುತ್ತ ಹೊಲಗಟ್ಟಲೆ ಮೆಕ್ಕೆಜೋಳ ಬೆಳೆಯುವ ನಮಗೆ ಬರ್ಬನ್ ಮಾತ್ರ ಕೈಗೆಟುಕದ ಬೆಲೆಯದು. ನಮ್ಮ ಸಾಮಾನ್ಯ ಬ್ರ್ಯಾಂಡುಗಳಲ್ಲಿ ಬಹುಪಾಲು ಕಾಕಂಬಿಯಿಂದ ಇಳಿಸಿದ ಬಣ್ಣ ರುಚಿ ಇಲ್ಲದ ಶುದ್ಧ ಮದ್ಯಸಾರ, ಅದಕ್ಕೊಂದಿಷ್ಟು ಮಾಲ್ಟ್ ವಿಸ್ಕಿ. ಧಾನ್ಯದಿಂದಲೇ ಮಾಡಬೇಕೆಂಬ ನಿಯಮವಿರುವ ಯುರೋಪಿನಲ್ಲಿ ಇದನ್ನು ವಿಸ್ಕಿ ಎಂದು ಮಾರುವಂತೆಯೇ ಇಲ್ಲ. ಸವರ್‌ಗೆ ಅದೇನೂ ದೊಡ್ಡ ಕೊರತೆಯಲ್ಲ. ಮೈಯಲ್ಲಿ ರುಚಿ ಕಡಿಮೆ ಇರುವ ಮದ್ಯಕ್ಕೆ ನಿಂಬೆ, ಬೆಲ್ಲ ರುಚಿ ಕೊಡುತ್ತವೆ. ಮಧ್ಯಮ ಬೆಲೆಯ ಯಾವುದೇ ಬ್ಲೆಂಡ್ ಸಾಕು. ತೀರಾ ಅಗ್ಗದ್ದರ ಕಟು ವಾಸನೆ ಮಾತ್ರ ಯಾವ ಹುಳಿಗೂ ಜಗ್ಗುವುದಿಲ್ಲ.

ಮತ್ತೊಂದು ತುದಿಯಲ್ಲಿ ನಮ್ಮದೇ ಅಮೃತ್ ಇದೆ. 1948ರಲ್ಲಿ ಬೆಂಗಳೂರಿನಲ್ಲಿ ಜೆ.ಎನ್. ರಾಧಾಕೃಷ್ಣ ಜಗದಾಳೆ ಕಟ್ಟಿದ ಕಂಪನಿ. ಅವರ ಮಗ ನೀಲಕಂಠ ಜಗದಾಳೆಯವರ ಕಾಲದಲ್ಲಿ, 2004ರಲ್ಲಿ, ಅದರ ಸಿಂಗಲ್ ಮಾಲ್ಟ್ ಬಿಡುಗಡೆಯಾದದ್ದು ಸ್ಕಾಚ್‌ನ ತವರಿನಲ್ಲೇ, ಗ್ಲಾಸ್ಗೋದಲ್ಲಿ. 2010ರ ಕೈಪಿಡಿಯಲ್ಲಿ ಜಿಮ್ ಮರ್ರೆ ಎಂಬ ವಿಮರ್ಶಕ ಅಮೃತ್ ಫ್ಯೂಷನ್‌ಗೆ ಜಗತ್ತಿನಲ್ಲೇ ಮೂರನೆಯ ಸ್ಥಾನ ಕೊಟ್ಟ ಮೇಲೆ ಎಲ್ಲರೂ ಇತ್ತ ತಿರುಗಿ ನೋಡಿದರು. ಸ್ಕಾಟ್ಲೆಂಡಿನ ಪೀಪಾಯಿಯಲ್ಲಿ ವರ್ಷಕ್ಕೆ ಶೇ 2ರಷ್ಟು ಆವಿಯಾದರೆ ಬೆಂಗಳೂರಿನ ಬಿಸಿಗೆ ಶೇ 10ಕ್ಕೂ ಹೆಚ್ಚು ಹಾರಿಹೋಗುತ್ತದೆ. ಅದಕ್ಕೇ ಇಲ್ಲಿ ನಾಲ್ಕೈದು ವರ್ಷಕ್ಕೇ ವಿಸ್ಕಿ ಹಣ್ಣಾಗುತ್ತದೆ. ಅಂಥ ಬಾಟಲಿ ಮನೆಯಲ್ಲಿದ್ದರೆ ದಯವಿಟ್ಟು ನಿಂಬೆ ಹಿಂಡಬೇಡಿ, ಎರಡು ಚಮಚ ನೀರು ಬೆರೆಸಿ ಸುಮ್ಮನೆ ಕುಡಿಯಿರಿ.

ಅರ್ಧ ಕೈಬಿಟ್ಟ ಓಲ್ಡ್ ಫ್ಯಾಷನ್ಡ್‌ಗೆ ಒಂದು ಮಲೆನಾಡಿನ ಪರಿಹಾರ ಹೇಳಿ ಮುಂದೆ ಹೋಗುತ್ತೇನೆ. 1806ರಲ್ಲಿ ನ್ಯೂಯಾರ್ಕ್ ರಾಜ್ಯದ ಪತ್ರಿಕೆಯೊಂದು ಕಾಕ್‌ಟೇಲ್ ಎಂದರೆ ಮದ್ಯ, ಸಕ್ಕರೆ, ನೀರು ಮತ್ತು ಬಿಟರ್ಸ್ ಎಂದು ವಿವರಿಸಿತ್ತು. ಓಲ್ಡ್ ಫ್ಯಾಷನ್ಡ್ ಇಂದಿಗೂ ಅಷ್ಟೇ. ಆಂಗಸ್ಟುರಾ ಬಿಟರ್ಸ್ ಹುಟ್ಟಿದ್ದು 1824ರಲ್ಲಿ, ವೆನೆಜುವೆಲಾದಲ್ಲಿ. ಬೊಲಿವಾರ್‌ನ ಸೈನ್ಯದ ವೈದ್ಯ ಸೀಗರ್ಟ್ ಅದನ್ನು ಹೊಟ್ಟೆಯ ಔಷಧಿ ಎಂದು ಮಾಡಿದ್ದ. ಅದರ ಕೆಲಸ ಒಂದೇ, ಸಿಹಿಗೆ ಕಹಿಯ ಎದುರಾಳಿ ಒದಗಿಸುವುದು. ಕಹಿ ನಮ್ಮಲ್ಲಿಲ್ಲವೇ? 60 ಮಿ.ಲೀ. ವಿಸ್ಕಿ, ಒಂದು ಸಣ್ಣ ಚಮಚ ಜೋನಿ ಬೆಲ್ಲದ ಪಾಕ, ಒಂದು ಸಣ್ಣ ಚಮಚ ಗಟ್ಟಿ ಕಾಫಿ ಡಿಕಾಕ್ಷನ್, ದೊಡ್ಡ ಐಸ್ ತುಂಡು. ಇದನ್ನು ಕುಲುಕಬೇಡಿ, ಅರ್ಧ ನಿಮಿಷ ಕಲಕಿ. ಮೇಲೆ ಕಿತ್ತಳೆ ಸಿಪ್ಪೆ ಚಿವುಟಿ. ಚಿಕೋರಿ ಬೆರೆಸದ ಪುಡಿಯಾದರೆ ಇನ್ನೂ ಒಳ್ಳೆಯದು.

ಆದರೆ ಕಹಿಯ ಹುಡುಕಾಟದಲ್ಲಿ ಕಾಡಿನ ಚಕ್ಕೆ, ಬೇರು, ಬೀಜ ತಂದು ವಿಸ್ಕಿಯಲ್ಲಿ ನೆನೆಹಾಕುವ ಸಾಹಸ ಬೇಡ. ನಮ್ಮ ಕಾಡಿನಲ್ಲಿರುವ ಕಾಸರಕದ ಬೀಜದಲ್ಲಿ ಸ್ಟ್ರಿಕ್ನಿನ್ ಎಂಬ ಕಡು ವಿಷವಿದೆ. ಮದ್ಯದಲ್ಲಿ ನೆನೆದದ್ದು ನೀರಿನಲ್ಲಿ ನೆನೆದದ್ದಕ್ಕಿಂತ ಹೆಚ್ಚು ಸಾರ ಬಿಡುತ್ತದೆ, ವಿಷವೂ ಹಾಗೆಯೇ.

ಭಟ್ಟಿ ಇಳಿಸುವ ಯೋಚನೆಯಂತೂ ಬೇಡವೇ ಬೇಡ. ಕಾನೂನಿನ ಪ್ರಕಾರ ಅದು ಅಪರಾಧ, ಅದಕ್ಕಿಂತ ಹೆಚ್ಚಾಗಿ ಮದ್ಯಸಾರದಲ್ಲಿ ಕುಡಿಯುವಂಥದ್ದು, ಕೊಲ್ಲುವಂಥದ್ದು ಎಂದು ಎರಡು ಬಗೆ ಇದೆ. ಇದು ಭದ್ರಾವತಿಯ ಹಳಬರಿಗೆ ಹೇಳಿಕೊಡಬೇಕಾದ ವಿಷಯವಲ್ಲ. 1923ರಲ್ಲಿ ಉತ್ಪಾದನೆ ಶುರುಮಾಡಿದ ಅಲ್ಲಿನ ಕಬ್ಬಿಣದ ಕಾರ್ಖಾನೆಗೆ ಜೊತೆಯಾಗಿಯೇ ಕಟ್ಟಿಗೆ ಭಟ್ಟಿ ಇಳಿಸುವ ಘಟಕ ಇತ್ತು. ಕುಲುಮೆಗೆ ಬೇಕಾದ ಇದ್ದಿಲನ್ನು ಗಾಳಿಯಾಡದ ಪಾತ್ರೆಗಳಲ್ಲಿ ಮಲೆನಾಡಿನ ಮರ ಸುಟ್ಟು ಮಾಡುತ್ತಿದ್ದರು, ಹೊರಟ ಹೊಗೆಯನ್ನು ತಣಿಸಿ ಟಾರು, ಅಸಿಟೇಟು ಮತ್ತು ಮೆಥನಾಲ್ ತೆಗೆಯುತ್ತಿದ್ದರು. ಕಟ್ಟಿಗೆಯ ಮದ್ಯಸಾರ ಎಂದರೆ ಇದೇ ಮೆಥನಾಲ್. ನೋಟಕ್ಕೆ, ವಾಸನೆಗೆ ಮಾಮೂಲಿ ಮದ್ಯಸಾರದ ಅಣ್ಣತಮ್ಮ, ಹತ್ತು ಮಿ.ಲೀ. ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ, 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತದ್ದು ಇದೇ ವಿಷ ಬೆರೆತ ಕಳ್ಳಭಟ್ಟಿ ಕುಡಿದು. ಸೀಲ್ ಇರುವ, ಅಬಕಾರಿ ಲೇಬಲ್ ಇರುವ ಬಾಟಲಿಯನ್ನೇ ತನ್ನಿ.

ಇನ್ನು ಎಷ್ಟು ಎಂಬ ಲೆಕ್ಕ. ನಮ್ಮ ವಿಸ್ಕಿ ಬಾಟಲಿಗಳ ಮೇಲೆ ಶೇ 42.8 ಎಂದು ಅಚ್ಚಾಗಿರುತ್ತದೆ. 60 ಮಿ.ಲೀ.ನಲ್ಲಿ ಸುಮಾರು 20 ಗ್ರಾಂ ಶುದ್ಧ ಮದ್ಯಸಾರ. ಐಸ್ ನೀರು ಸೇರಿದ ಮೇಲೂ ನಿಮ್ಮ ಸವರ್‌ನ ಬಲ ಶೇ 20ರ ಆಸುಪಾಸು, ವೈನ್‌ಗಿಂತ ಹೆಚ್ಚು. ಕುಡಿಯುವಾಗ ಹಾಗನ್ನಿಸುವುದಿಲ್ಲ. ಹುಳಿ–ಸಿಹಿಯ ಹದ ಚೆನ್ನಾಗಿ ಬಂದಷ್ಟೂ ಬೇಗ ಒಳಗಿಳಿಯುತ್ತದೆ. ಅದಕ್ಕೇ ನನ್ನ ಮಟ್ಟಿಗೆ ಸವರ್ ಒಂದು ಸಂಜೆಗೆ ಒಂದು, ಅದೂ ಊಟದ ಜೊತೆಯಲ್ಲಿ. ಎರಡನೆಯದು ಬೇಕೆನಿಸಿದರೆ ವಿಸ್ಕಿಯ ಜಾಗಕ್ಕೆ ತಣ್ಣಗಿನ ಗಟ್ಟಿ ಕಪ್ಪು ಚಹಾ ಹಾಕಿ ಅದೇ ಅಳತೆಯಲ್ಲಿ ಕುಲುಕಿ. ಚಹಾದ ಒಗರು ಪೀಪಾಯಿಯ ಒಗರಿನ ಕೆಲಸ ಮಾಡುತ್ತದೆ, ಮನೆಯಲ್ಲಿ ಕುಡಿಯದವರಿಗೂ ಕೈಗೊಂದು ಗ್ಲಾಸ್ ಸಿಗುತ್ತದೆ.

ಗಾಡಿ ಓಡಿಸುವವರ ರಕ್ತದಲ್ಲಿ 100 ಮಿ.ಲೀ.ಗೆ 30 ಮಿ.ಗ್ರಾಂ. ಮದ್ಯಸಾರ ದಾಟಿದರೆ ಅಪರಾಧ, ಮೊದಲ ಸಲಕ್ಕೇ ಹತ್ತು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಒಂದೇ ಒಂದು ಸವರ್ ಹಲವರನ್ನು ಆ ಗೆರೆ ದಾಟಿಸಲು ಸಾಕು. ಮನೆಗೆ ಬಂದ ಗೆಳೆಯರಿಗೆ ಗ್ಲಾಸ್ ಕೊಡುವ ಮೊದಲೇ ಅವರ ಬೈಕಿನ ಕೀ ಈಸಿಕೊಳ್ಳಿ, ಚಾಪೆ ಹಾಸಿಕೊಡಿ, ಬೆಳಿಗ್ಗೆ ತಿಂಡಿ ತಿನ್ನಿಸಿ ಕಳಿಸಿ.